ಥಂಡರ್ ಬೇಯಲ್ಲಿ ಅಂಗಳ ಸಾರಿಸಿದ್ದು

ಟೊರಾಂಟೊ

ಟೊರಾಂಟೊ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಚೀಲದಿಂದ ಶೇಂಗಾ ಹಿಂಡಿಯ ಡಬ್ಬಿ ತೆಗೆದು, ಇದೇನೆಂದು ಕೇಳಿದ. ರೊಟ್ಟಿಯ ಜೊತೆ ತಿನ್ನುವ ಪುಡಿ ಎಂದೆ. ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದ. ಆಮೇಲೆ ಸೀನತೊಡಗಿದ. ಒಂದೊಂದು ಸೀನಿಗೂ ನನ್ನ ಕಡೆ ತಿರುಗಿ ಕ್ಷಮೆ ಕೇಳಿದ. ತಪ್ಪು ನನ್ನ ಡಬ್ಬಿಯದು, ಕ್ಷಮೆ ಅವನದು. ಆ ದೇಶದ ಜನ ಹೀಗೆಯೇ ಎಂದು ಮುಂದೆ ತಿಳಿಯಿತು. ನಾವು ಅವರ ಕಾಲು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ. ಆದರೆ ನಾವಾಗಿ ಕೇಳದ ಹೊರತು ಒಂದು ಸಲಹೆಯನ್ನೂ ಕೊಡುವುದಿಲ್ಲ. ಈ ಎರಡನೆಯ ಗುಣದಿಂದ ನಮಗೆ ಆದದ್ದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೊರಟದ್ದು ಜಲಪಾತ ನೋಡಲಿಕ್ಕಲ್ಲ. ಟೊರಾಂಟೊದಿಂದ ಇನ್ನೊಂದು ವಿಮಾನ ಹಿಡಿದು ಹೋಗಬೇಕಾದ ಥಂಡರ್ ಬೇ ಎಂಬ ಊರಿಗೆ. ಸಮುದ್ರದಂತೆ ಕಾಣುವ ಸರೋವರದ ದಂಡೆಯ ತಣ್ಣನೆಯ ಊರು ಅದು. ಅಲ್ಲಿ ನನ್ನ ಸರೋಜಿನಿ ಮೌಶಿ ಇದ್ದಾರೆ. ತಾಯಿಯ ತಂಗಿಯನ್ನು ನಮ್ಮ ಬೀದರ್ ಕಡೆ ಮೌಶಿ ಅನ್ನುತ್ತೇವೆ. ಬೀದರ್‌ನಲ್ಲಿ ನರ್ಸಿಂಗ್ ಕಲಿತ ಮೌಶಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರ ಗಂಡ ಪ್ರಭಾಕರ ಕಾಕಾ ಭಾತಂಬ್ರಾದವರು. ಭಾಲ್ಕಿಯಲ್ಲಿ ಹೈಸ್ಕೂಲಿನ ಗಣಿತ ಮಾಸ್ತರರಾಗಿದ್ದವರು ಅಲ್ಲಿ ಹೋಗಿ ಶಾಲೆಯ ಬಸ್ ಓಡಿಸಿ ನಿವೃತ್ತರಾದರು.

ಫೆಬ್ರುವರಿಯಲ್ಲಿ ಕಾಕಾ ಮನೆಯ ಮುಂದೆಯೇ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಆದರೆ ಅಂದಿನಿಂದ ಅವರು ಹೊರಗಿನ ನೆಲಕ್ಕೆ ಕಾಲು ತಾಗಿಸಿರಲಿಲ್ಲ. ಓದುತ್ತಿದ್ದ ಮಗಳು ಬೇಸಿಗೆ ರಜೆಯಲ್ಲಿ ಬಂದಿದ್ದು ಕಾಲೇಜಿಗೆ ಮರಳಿದ್ದಳು. ಮೌಶಿ ಡ್ಯೂಟಿಗೆ ಹೋದಾಗ ಅವರ ಜೊತೆ ಇರಲು ಒಬ್ಬರು ಬೇಕಿತ್ತು. ನಾನು ಪಿಎಚ್.ಡಿ. ಪ್ರಬಂಧ ಸಲ್ಲಿಸಿ, ಮೌಖಿಕ ಪರೀಕ್ಷೆಯ ದಿನ ತಿಳಿಯಲೆಂದು ಕಾಯುತ್ತ ಮನೆಯಲ್ಲಿದ್ದೆ. ಅಮ್ಮ ಬೀದರ್‌ನ ಬಸ್ ನಿಲ್ದಾಣದಲ್ಲಿ ಹೈದರಾಬಾದಿನ ಬಸ್ಸು ಹತ್ತಿಸುವಾಗ ಹೇಳಿದ್ದು ಒಂದೇ ಮಾತು.

"ಅಲ್ಲಿ ಹೋಗಿ ಪುಸ್ತಕ ಹಿಡ್ಕೊಂಡು ಕೂಡಬ್ಯಾಡ. ಕಾಕಾಗ ಹೊರಗ ಕರ್ಕೊಂಡು ತಿರಗಾಡು."

ಕಿಟಕಿಯ ಮುಂದಿನ ಕುರ್ಚಿ

ಕಾಕಾ ನಡೆಯಬಲ್ಲರು. ಮನೆಯೊಳಗೆ ಕೋಲು ಹಿಡಿದು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಮಲಗುವ ಕೋಣೆಗೆ ಆರಾಮವಾಗಿ ಓಡಾಡುತ್ತಿದ್ದರು. ಆಸ್ಪತ್ರೆಗೆ ಹೋಗುವ ದಿನ ಅಡುಗೆಮನೆಯ ಪಕ್ಕದ ಬಾಗಿಲಿನಿಂದ ನೇರವಾಗಿ ಗ್ಯಾರೇಜಿಗೆ ಇಳಿದು ಕಾರಿನಲ್ಲಿ ಕೂರುತ್ತಿದ್ದರು. ಅಲ್ಲಿ ಇಳಿಯುವುದು ಆಸ್ಪತ್ರೆಯ ಪೋರ್ಟಿಕೋದಲ್ಲಿ. ಎರಡೂ ಕಡೆ ನುಣ್ಣನೆಯ ಕಾಂಕ್ರೀಟು. ಮಳೆ, ಮಣ್ಣು, ಹುಲ್ಲು, ಏರು ತಗ್ಗು ಯಾವುದೂ ಆರೇಳು ತಿಂಗಳಿಂದ ಅವರ ಕಾಲಿಗೆ ಗೊತ್ತಿರಲಿಲ್ಲ.

ಉಳಿದ ಹೊತ್ತು ಬೀದಿಗೆ ತೆರೆದ ದೊಡ್ಡ ಕಿಟಕಿಯ ಮುಂದಿನ ಕುರ್ಚಿ. ಅಲ್ಲಿಂದ ಕಾಣುವುದು ಮನೆಯ ಗ್ಯಾರೇಜಿನಿಂದ ರಸ್ತೆಯವರೆಗೆ ಹಾಸಿದ ಡಾಂಬರಿನ ದಾರಿ. ಡ್ರೈವ್‌ವೇ ಅನ್ನುತ್ತಾರೆ. ಅಲ್ಲಿನ ಪ್ರತಿ ಮನೆಗೂ ಒಂದು ಇದೆ. ನಮ್ಮ ಕಡೆ ಡಾಂಬರು ಸರಕಾರದ ವಸ್ತು. ಔರಾದಿಗೆ ಹೋಗುವ ರಸ್ತೆ ಕಿತ್ತರೆ ನಾವು ಬಸ್ಸಿನೊಳಗೆ ಕೂತು ಬೈಯುತ್ತೇವೆ, ಅಷ್ಟೇ. ಅಲ್ಲಿ ಮನೆಯ ಮುಂದಿನ ಡಾಂಬರು ಮನೆಯವರದೇ ಜವಾಬ್ದಾರಿ. ಅದು ಮಾಸಿದರೆ, ಬಿರಿದರೆ, ತಾವೇ ನೋಡಿಕೊಳ್ಳಬೇಕು.

ಮೌಶಿಯ ಮನೆಯದು ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಅಡ್ಡಕ್ಕೆ ಉದ್ದಕ್ಕೆ ಬಿರುಕು, ಬಿರುಕಿನಲ್ಲಿ ಹುಲ್ಲು. ನಡುವೆ ಒಂದು ಕಡೆ ಎರಡು ಬಿರುಕು ಕೂಡಿ ಊಟದ ತಾಟಿನಷ್ಟು ಅಗಲದ ಗುಂಡಿ ಬಿದ್ದಿತ್ತು. ನಾನು ಬಂದ ಮರುದಿನ ಕಾಕಾ ಕೋಲಿನಿಂದ ಗಾಜಿನಾಚೆ ತೋರಿಸಿದರು.

"ಅಲ್ಲಿ ನೋಡು ಬೇಟಾ. ಅಲ್ಲೇ ಬಿದ್ದಿದ್ದು ನಾ. ಹಗಲಿಗಿ ಬರ್ಫ ಕರಗಿ ತಗ್ಗಿನ್ಯಾಗ ನೀರು ನಿಂತಿತ್ತು. ರಾತ್ರಿ ಅದೇ ಗಾಜಿನಂಗ ಆಗ್ಯದ. ಮುಂಜಾನಿ ಪೇಪರ್ ತರ್ಲಿಕ್ಕ ಹೋದೆ."

"ಕಾಣ್ಲಿಲ್ಲೇನ್ರಿ ಕಾಕಾ?"

"ಇಷ್ಟು ವರ್ಷ ಬರ್ಫದ ಮ್ಯಾಲ ಸಾಲಿ ಬಸ್ ಓಡಸೀನಿ. ಒಂದ್ ಹುಡುಗಗೂ ತರಚಿಲ್ಲ. ನನ್ನ ಮನಿ ಮುಂದ ನಾನೇ ಬಿದ್ದೆ. ಅದು ಸರಿ ಆಗೋತನಕ ನಾ ಹೊರಗ ಕಾಲ ಇಡಂಗಿಲ್ಲ."

ಒಳಗಿನಿಂದ ಮೌಶಿ ಅಂದರು: "ಹಂಗಾರ ಭಾತಂಬ್ರಾಕ್ಕ ಹ್ಯಾಂಗ ಹೋಗ್ತೀರಿ? ನಿಮ್ಮಣ್ಣನ ಅಂಗಳದಾಗ ಗ್ಯಾರೇಜ್ ಇಲ್ಲ."

ಕಾಕಾ ಕೋಲನ್ನು ಕುರ್ಚಿಗೆ ಒರಗಿಸಿ ಇಟ್ಟರು. ಕ್ರಿಸ್ಮಸ್‌ಗೆ ಊರಿಗೆ ಬರುತ್ತೇನೆಂದು ಅವರು ಅಣ್ಣನಿಗೆ ಮಾತು ಕೊಟ್ಟಿದ್ದರು. ಡಾಕ್ಟರು ಹೂಂ ಅನ್ನಬೇಕಿತ್ತು. ಮುಂದಿನ ಸೋಮವಾರ ಅವರನ್ನು ನೋಡುವ ದಿನ. ಅಷ್ಟರಲ್ಲಿ ಹೊರಗಿನ ನೆಲದ ಮೇಲೆ ನಡೆದು ರೂಢಿ ಮಾಡಿಕೊಂಡಿರಬೇಕೆಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಟೋಬರ್ ಮುಗಿಯುವಷ್ಟರಲ್ಲಿ ಹಿಮ ಬೀಳುತ್ತದೆ. ಬಿದ್ದಮೇಲೆ ಏಪ್ರಿಲ್‌ವರೆಗೆ ಆರೋಗ್ಯವಂತರೂ ಅಲ್ಲಿ ಅಂಜಿಕೊಂಡೇ ಹೆಜ್ಜೆಯಿಡುತ್ತಾರೆ. ಈಗ ಹೊರಗೆ ಬರದಿದ್ದರೆ ಕಾಕಾ ಆ ಕುರ್ಚಿಯಲ್ಲೇ ಚಳಿಗಾಲ ಕಳೆಯುವರು, ಆಮೇಲೆ ಕಾಲಿಗೂ ಅದೇ ಅಭ್ಯಾಸವಾಗುತ್ತದೆ ಎಂದು ಮೌಶಿ ನನ್ನೊಬ್ಬಳಿಗೆ ಹೇಳಿದರು. ನರ್ಸ್ ಆದ ಕಾರಣ ಅವರಿಗೆ ಅಂಥ ಕಾಲುಗಳು ಗೊತ್ತಿದ್ದವು.

ಡಾಂಬರು ಸರಿ ಮಾಡುವ ಕಂಪನಿಗಳಿಗೆ ಮೌಶಿ ಫೋನು ಮಾಡಿದ್ದರು. ಎಲ್ಲರೂ ಕ್ಷಮೆ ಕೇಳಿ, ಇನ್ನು ಮುಂದಿನ ಬೇಸಿಗೆಗೆ ಎಂದಿದ್ದರು.

"ನಾವೇ ಮಾಡೋಣ," ಅಂದರು ಮೌಶಿ. "ಠಾಣಾ ಕುಶನೂರದಾಗ ಅವ್ವನ ಜೋಡಿ ಎಷ್ಟು ಅಂಗಳ ಸಾರಿಸಿಲ್ಲ ನಾವು."

ನೆರೆಯವರು

ಪಕ್ಕದ ಮನೆಯ ಆರ್ವೋ ಎಂಬ ಮುದುಕ ಫಿನ್‌ಲ್ಯಾಂಡ್ ಮೂಲದವನು. ಆ ಊರಿನಲ್ಲಿ ಅವರ ಪೈಕಿ ಜನ ಬಹಳ. ಹಿತ್ತಲಲ್ಲಿ ಕಟ್ಟಿಗೆಯ ಸಣ್ಣ ಗುಡಿಸಲು ಕಟ್ಟಿಕೊಂಡು ಶನಿವಾರ ಸಂಜೆ ಅದರೊಳಗೆ ಬೆಂಕಿ ಹಾಕಿ, ಬೆವರು ಸುರಿಸಿ, ಕೆಂಪಗಾಗಿ ಹೊರಬಂದು ತಣ್ಣನೆಯ ಗಾಳಿಯಲ್ಲಿ ಕೂರುತ್ತಾನೆ. ಬೆವರಲು ಯಾರಾದರೂ ಕಟ್ಟಿಗೆ ಸುಡುತ್ತಾರೆಂದರೆ ನಮ್ಮ ಊರಿನ ಮೇ ತಿಂಗಳಿಗೆ ನಗು ಬರುತ್ತದೆ.

ಡಾಂಬರಿಗೆ ಏನೇನು ಬೇಕು ಎಂದು ಮೌಶಿ ಅವನನ್ನು ಕೇಳಿದರು. ಕೇಳಿದ್ದಕ್ಕೆ ಅವನು ಪೂರ್ತಿ ಉತ್ತರ ಕೊಟ್ಟ. ಮೊದಲು ಬಿರುಕಿನ ಹುಲ್ಲು ಕಿತ್ತು ಧೂಳು ತೆಗೆಯಬೇಕು. ಬಿರುಕಿಗೆ ಡಾಂಬರಿನ ಅಂಟು, ಗುಂಡಿಗೆ ಡಾಂಬರು ಬೆರೆಸಿದ ಜಲ್ಲಿ ತುಂಬಿ ಗುದ್ದಬೇಕು. ಆಮೇಲೆ ಎಲ್ಲದರ ಮೇಲೆ ಕರಿ ಲೇಪವನ್ನು ತೆಳ್ಳಗೆ ಎಳೆಯಬೇಕು. ದಪ್ಪ ಹಚ್ಚಿದರೆ ಸುಲಿದು ಹೋಗುತ್ತದೆ. ಹಚ್ಚುವ ದಿನ ಬಿಸಿಲಿರಬೇಕು, ಮರುದಿನದವರೆಗೂ ಮಳೆ ಬರಬಾರದು, ರಾತ್ರಿ ಕೂಡ ತೀರ ಚಳಿಯಾಗಬಾರದು. ಹಚ್ಚಿದ ಮೇಲೆ ಎರಡು ದಿನ ಅದರ ಮೇಲೆ ಕಾರಿನ ಗಾಲಿ ಉರುಳಬಾರದು.

"ಇಷ್ಟೆಲ್ಲ ಏಕೆ?" ಎಂದು ಕೇಳಿದೆ.

"ನೀರಿನಿಂದ," ಎಂದ. "ನೀರು ಬಿರುಕಿನೊಳಗೆ ಹೋಗುತ್ತದೆ. ಅಲ್ಲಿ ಹೆಪ್ಪುಗಟ್ಟಿ ಉಬ್ಬುತ್ತದೆ. ಕರಗುತ್ತದೆ, ಮತ್ತೆ ಉಬ್ಬುತ್ತದೆ. ಚಳಿಗಾಲ ಮುಗಿಯುವ ಹೊತ್ತಿಗೆ ದಾರಿ ಇರುವುದಿಲ್ಲ."

ನಾನು ಸ್ವಲ್ಪ ಹೊತ್ತು ಅದನ್ನೇ ಯೋಚಿಸುತ್ತ ನಿಂತೆ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಾಯಿಬಿಡುತ್ತದೆ. ಜೂನಿನ ಮೊದಲ ಮಳೆಗೆ ತಾನಾಗಿ ಕೂಡಿಕೊಳ್ಳುತ್ತದೆ. ನೀರು ಬಿರುಕನ್ನು ಮುಚ್ಚುವುದನ್ನು ನೋಡಿ ಬೆಳೆದವಳು ನಾನು. ನೀರೇ ಬಿರುಕನ್ನು ಹೆಚ್ಚಿಸುವ ನಾಡಿಗೆ ಬಂದಿದ್ದೆ.

ಆ ವಾರವೆಲ್ಲ ಮೌಶಿ ಮೊಬೈಲಿನಲ್ಲಿ ಹವಾಮಾನ ನೋಡುವುದೇ ಆಯಿತು. ಊರಿನಲ್ಲಿ ಅದೇ ಹೊತ್ತಿಗೆ ಸೋಯಾ ಕೊಯ್ಲಿಗೆ ಬರುತ್ತದೆ. ಫೋನಿನಲ್ಲಿ ಅಮ್ಮ, ಮಳೆ ನಿಂತರೆ ಸಾಕಾಗ್ಯದ ಅಂದರು. ಮೌಶಿಯೂ ಅದೇ ಅಂದರು. ಎರಡು ಖಂಡಗಳಲ್ಲಿ ಅಕ್ಕತಂಗಿಯರು ಆಕಾಶಕ್ಕೆ ಒಂದೇ ಬೇಡಿಕೆ ಇಟ್ಟಿದ್ದರು.

ಶುಕ್ರವಾರ, ಬಿರುಕುಗಳು

ಶುಕ್ರವಾರ ಮೌಶಿಗೆ ರಜೆ. ಇಬ್ಬರೂ ಮೊಣಕಾಲೂರಿ ಕೂತು ಬಿರುಕಿನ ಹುಲ್ಲು ಕಿತ್ತೆವು. ಬೇರು ಎಷ್ಟು ಆಳಕ್ಕೆ ಹೋಗಿತ್ತೆಂದರೆ ಎಳೆದಾಗ ಡಾಂಬರಿನ ಚೂರೂ ಜೊತೆಗೆ ಬಂತು. ಕಾಕಾ ಕಿಟಕಿಯ ಗಾಜಿನ ಮೇಲೆ ಉಂಗುರದಿಂದ ಟಕ್ ಟಕ್ ಅನ್ನಿಸಿ ಬಿಟ್ಟುಹೋದ ಕಡೆ ಬೆರಳು ತೋರಿಸುತ್ತಿದ್ದರು. ಗಣಿತ ಮಾಸ್ತರರ ಕಣ್ಣು. ಒಂದು ಎಳೆಯೂ ತಪ್ಪುತ್ತಿರಲಿಲ್ಲ.

"ಅಷ್ಟು ಕಾಣ್ತದಂದ್ರ ಹೊರಗ ಬಂದು ತೋರಸ್ರಿ," ಎಂದು ಮೌಶಿ ಕೂಗಿ ಹೇಳಿದರು.

ಕಾಕಾ ಕೈ ಕಿವಿಗೆ ಹಿಡಿದು, ಗಾಜಿನ ಆಚೆ ಕೇಳಿಸುವುದಿಲ್ಲವೆಂಬಂತೆ ಸನ್ನೆ ಮಾಡಿದರು. ಕೇಳಿಸಿತ್ತು.

ಅಂಟು ಬಿರುಕಿಗೆ ಇಳಿಯುವುದು ನಿಧಾನ. ಬಾಟಲಿಯ ಮೂತಿಯನ್ನು ಬಿರುಕಿನ ಮೇಲೆ ಹಿಡಿದು ಒತ್ತುತ್ತ ಹಿಂದಕ್ಕೆ ಸರಿಯಬೇಕು. ನನಗೆ ಅದು ಬಹಳ ಹಿಡಿಸಿತು. ಮಾತು ಬೇಡದ, ಕಣ್ಣು ಬೇಕಾದ ಕೆಲಸ. ಕಾಕಾ ಬಿದ್ದ ಗುಂಡಿಯನ್ನು ಮೌಶಿ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಜಲ್ಲಿ ತುಂಬಿ, ಆರ್ವೋ ಕೊಟ್ಟ ಭಾರದ ಗುದ್ದುಗೋಲಿನಿಂದ ತಾವೇ ಗುದ್ದಿದರು. ಒಂದೊಂದು ಏಟಿಗೂ ಏನೋ ಗೊಣಗುತ್ತಿದ್ದರು. ಪ್ರಾರ್ಥನೆಯೋ ಬೈಗುಳವೋ, ನಾನು ಕೇಳಲಿಲ್ಲ.

ಶನಿವಾರ, ಸಾರಿಸಿದ್ದು

ಶನಿವಾರ ಬಿಸಿಲು ಎಳೆಯದಾಗಿ, ಗಾಳಿ ಒಣಗಿ ಬಂತು. ಮೌಶಿ ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಬಿಗಿದುಕೊಂಡು, ಮೇಲೆ ಕಾಕಾನ ಬಸ್ ಕಂಪನಿಯ ಜಾಕೀಟು ಹಾಕಿಕೊಂಡು ಹೊರಬಂದರು.

"ಮೊದಲ ಅಂಗಳ ಖಾಲಿ ಮಾಡು," ಅಂದರು.

ಇದನ್ನು ಸ್ವಲ್ಪ ವಿವರಿಸಬೇಕು. ಅಮ್ಮ ಮತ್ತು ಮೌಶಿಯ ತವರೂರು ಠಾಣಾ ಕುಶನೂರದಲ್ಲಿ ನಮ್ಮ ಅಜ್ಜಿ ಅಂಗಳ ಸಾರಿಸುವ ಮುಂಚೆ ಹೊರಗಿದ್ದದ್ದೆಲ್ಲ ಒಳಗೆ ಬರಬೇಕಿತ್ತು. ಹೊರಸು, ಕೊಡ, ಮೊರ, ಚಪ್ಪಲಿ, ಕೋಳಿಬುಟ್ಟಿ. ಆಮೇಲೆ ಅಜ್ಜಿ ಹೆಂಡಿ, ಅಂದರೆ ಸಗಣಿ, ಕಲಸಿದ ನೀರನ್ನು ಬೀದಿಯ ಕಡೆಯಿಂದ ಹಚ್ಚುತ್ತ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತ ಹೊಸ್ತಿಲಿಗೆ ಬರುತ್ತಿದ್ದಳು. ಕೊನೆಯ ಕೈ ಹೊಸ್ತಿಲಿಗೆ. ಅಲ್ಲಿಂದ ಒಳಗೆ ಹೆಜ್ಜೆಯಿಟ್ಟರೆ ಒಣಗುವ ತನಕ ಯಾರೂ ಅಂಗಳಕ್ಕೆ ಇಳಿಯುವಂತಿಲ್ಲ. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ಎಷ್ಟೋ ಸಲ ಅಜ್ಜ ಬೀದಿಯಲ್ಲಿ ನಿಂತು ಊಟದ ಬುತ್ತಿಯನ್ನು ಗೋಡೆಯ ಮೇಲಿಂದ ಇಸಿದುಕೊಂಡದ್ದನ್ನು ಮೌಶಿ ಈಗಲೂ ಹೇಳುತ್ತಾರೆ.

ಆ ಶನಿವಾರ ಬೆಳಿಗ್ಗೆ ನಾವು ಹಾಗೆಯೇ ಮಾಡಿದೆವು. ಹೂವಿನ ಕುಂಡ, ಕಸದ ಡಬ್ಬಿ, ನೀರಿನ ಕೊಳವೆ ಒಂದೊಂದಾಗಿ ಗ್ಯಾರೇಜಿನೊಳಗೆ ಹೋದವು. ಡ್ರೈವ್‌ವೇಯಲ್ಲಿ ನಿಂತಿದ್ದ ಕಾರನ್ನೂ ಮೌಶಿ ಒಳಗೆ ತಂದು ನಿಲ್ಲಿಸಿದರು. ಗ್ಯಾರೇಜಿನ ಬಾಗಿಲು ಇಳಿಯಿತು. ಆರ್ವೋ ಕಾಫಿ ಹಿಡಿದು ತನ್ನ ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ.

ನಾವು ರಸ್ತೆಯ ಕಡೆಯಿಂದ ಸುರುಮಾಡಿದೆವು. ಡಬ್ಬಿಯ ಕರಿ ಲೇಪವನ್ನು ಕೋಲಿನಿಂದ ಕದಡಿ, ಅಡ್ಡಕ್ಕೆ ಒಂದು ಗೆರೆಯಾಗಿ ಸುರಿದು, ಉದ್ದ ಹಿಡಿಕೆಯ ವೈಪರಿನಿಂದ ಎಳೆಯುವುದು. ಮನೆಯಲ್ಲಿ ಸ್ನಾನದ ನೀರು ತಳ್ಳುವ ವೈಪರಿನ ಅಣ್ಣನಂಥದ್ದು. ಲೇಪಕ್ಕೆ ಮಳೆಗಾಲಕ್ಕೆ ಮೊದಲು ಕೊಡೆ ರಿಪೇರಿ ಮಾಡುವವರ ಅಂಗಡಿಯ ವಾಸನೆ. ಮೊದಮೊದಲು ಮೌಶಿಯ ಕೈ ದಪ್ಪ ಎಳೆಯಿತು.

"ತೆಳ್ಳಗ ಅಂದಿದ್ದಾರ್ರಿ ಮೌಶಿ."

"ತೆಳ್ಳಗ ಸಾರಸಿದ್ರ ಅವ್ವ ಬೈತಿದ್ಲು."

"ಇದು ಹೆಂಡಿ ಅಲ್ಲರಿ."

"ನೀ ಪಿಎಚ್‌ಡಿ ಮಾಡಿದ್ದು ಇದರಾಗೇನು?" ಎಂದರು. ಆದರೆ ಆಮೇಲೆ ತೆಳ್ಳಗೆಳೆದರು.

ಬೂದಿ ಬಣ್ಣದ ನೆಲ ಕಪ್ಪಾಗುತ್ತ ನಮ್ಮ ಜೊತೆ ಮನೆಯ ಕಡೆ ಬಂತು. ಹುಲ್ಲಿನ ಅಂಚಿನ ಹತ್ತಿರ ಮೌಶಿ ವೈಪರು ಬಿಟ್ಟು ಕುಂಚ ಹಿಡಿದು ಬಗ್ಗಿದರು. ಬಗ್ಗಿದವರ ಬೆನ್ನು ಥೇಟ್ ಅಜ್ಜಿಯ ಬೆನ್ನು. ಮಧ್ಯಾಹ್ನದ ಹೊತ್ತಿಗೆ ಗ್ಯಾರೇಜಿನ ಬಾಗಿಲು ಮುಟ್ಟಿ, ಅಲ್ಲಿಂದ ಮುಂಬಾಗಿಲಿನ ಸಣ್ಣ ದಾರಿಗೆ ತಿರುಗಿ, ಕೊನೆಯ ಎಳೆತವನ್ನು ಮೆಟ್ಟಿಲಿನ ಬುಡಕ್ಕೆ ತಂದು ಮುಗಿಸಿದೆವು. ಒಳಗೆ ಕಾಲಿಟ್ಟೆವು. ಹೊಸ್ತಿಲ ಮೇಲೆ ನಿಂತು ತಿರುಗಿ ನೋಡಿದರೆ, ರಸ್ತೆಯವರೆಗೆ ಒಂದೇ ಕಪ್ಪು. ಆ ಒದ್ದೆ ಕಪ್ಪಿನಲ್ಲಿ ಆಕಾಶದ ನೆರಳು ಕಾಣುತ್ತಿತ್ತು. ಮೌಶಿಯ ಮುಖದಲ್ಲಿ ಅಂಥ ಸಮಾಧಾನವನ್ನು ನಾನು ಬಂದ ಮೇಲೆ ನೋಡಿರಲಿಲ್ಲ.

"ನೋಡ್ರಿ ಈಗ. ಎಲ್ಲಿ ಅದ ನಿಮ್ಮ ತಗ್ಗು?"

ಕಾಕಾ ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ಕೇಳಿದರು.

"ಸರೋಜಾ, ಕಾರು ಎಲ್ಲಿ ಅದ?"

ಶನಿವಾರ ಸಂಜೆ

ಮೌಶಿ ಕೈಗವಸು ಬಿಚ್ಚುತ್ತಿದ್ದವರು ಹಾಗೇ ನಿಂತರು. ಕಾರು ಗ್ಯಾರೇಜಿನಲ್ಲಿತ್ತು. ಗ್ಯಾರೇಜಿನ ಮುಂದೆ ಹಸಿ ಲೇಪವಿತ್ತು. ನಾವು ನಮ್ಮ ಪಾಡಿಗೆ ತಡವಾಗಿ ಸುರುಮಾಡಿ ಮಧ್ಯಾಹ್ನ ದಾಟಿಸಿದ್ದೆವು. ಎರಡು ದಿನ ಎಂದರೆ ಸೋಮವಾರ ಮಧ್ಯಾಹ್ನ. ಡಾಕ್ಟರು ಬರಹೇಳಿದ್ದು ಸೋಮವಾರ ಬೆಳಿಗ್ಗೆ.

ನನಗೆ ನಗು ಬಂತು. ಮೌಶಿಗೂ ಬಂದಿತ್ತು. ಆದರೆ ಕಾಕಾನ ಮುಖ ನೋಡಿ ಇಬ್ಬರೂ ನುಂಗಿಕೊಂಡೆವು.

"ನೀವಿಬ್ರೂ ಕೂಡಿ ಇದು ಮಾಡೀರಿ," ಅಂದರು ಕಾಕಾ.

"ಏನ್ ಮಾಡೀವ್ರಿ?"

"ಕಾರು ಒಳಗ ಹಾಕೀರಿ, ಮುಂದ ಡಾಂಬರ್ ಬಳದೀರಿ. ನಾ ನಡದು ರಸ್ತಾಕ ಬರ್ಲಿ ಅಂತ. ಸಣ್ಣ ಹುಡುಗ ಮಾಡೀರಿ ನನಗ."

"ಖರೇನ ಮರ್ತಿದ್ದೆರಿ. ಅಂಗಳದಾಗಿಂದು ಒಳಗ ತಂದೆ, ಅಷ್ಟೇ. ಕೈ ತಾನೇ ಮಾಡ್ತು."

"ಇಷ್ಟು ವರ್ಷ ಈ ದೇಶದಾಗ ಇದ್ದು ಕೈ ತಾನೇ ಮಾಡ್ತಂತ."

"ಹೌದರಿ," ಅಂದರು ಮೌಶಿ. ದನಿ ಸಣ್ಣದಾಗಿತ್ತು. "ತಾನೇ ಮಾಡ್ತು."

ಕಾಕಾ ಕೋಲೂರಿ ಎದ್ದು ಒಳಕೋಣೆಗೆ ಹೋದರು. ಬಾಗಿಲ ಬಳಿ ನಿಂತು, ಸೋಮವಾರದ್ದು ಬ್ಯಾಡ ಅಂತ ಆಸ್ಪತ್ರಿಗಿ ಹೇಳಿಬಿಡು ಅಂದರು. ಆ ದಿನ ಬಿಟ್ಟರೆ ಮುಂದಿನ ಸರದಿ ಹಿಮ ಬಿದ್ದ ಮೇಲೆಯೇ. ಭಾತಂಬ್ರಾದ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮೌಶಿ ಅಡುಗೆಮನೆಯ ಸಿಂಕಿನ ಮುಂದೆ ನಿಂತು ಎಣ್ಣೆ ಹಚ್ಚಿ ಮೊಣಕೈಯ ಕಪ್ಪನ್ನು ತಿಕ್ಕತೊಡಗಿದರು. ಅದು ಹೋಗುವಂತೆ ಕಾಣಲಿಲ್ಲ, ಅವರೂ ನಿಲ್ಲಿಸಲಿಲ್ಲ. ಹೊರಗೆ ಆರ್ವೋನ ಗುಡಿಸಲಿನ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು.

ನಮ್ಮ ಬೀದರ್‌ನ ಓಣಿಯಾಗಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ ಎಂದು ನನಗೆ ಹೊಳೆದದ್ದು ಆಗ. ಅಲ್ಲಿ ಮನೆಯ ಮುಂದೆ ಒಂದು ಮೊಳೆ ಹೊಡೆದರೂ ಹೋಗುವವರು ಬರುವವರು ನಿಲ್ಲುತ್ತಾರೆ. ಮೊಳೆ ಸೊಟ್ಟ ಅನ್ನುತ್ತಾರೆ, ಸುತ್ತಿಗೆ ಸಣ್ಣದು ಅನ್ನುತ್ತಾರೆ, ತಮ್ಮ ಭಾವಮೈದುನ ಹೊಡೆದ ಮೊಳೆಯ ಕಥೆ ಹೇಳುತ್ತಾರೆ. ಆ ಜನರಿಂದ ತಪ್ಪಿಸಿಕೊಳ್ಳಲು ನಾನು ಮಹಡಿಯ ಕೋಣೆ ಹಿಡಿದು ಓದಿದವಳು. ಅಂದು ಮೊದಲ ಸಲ ಅವರೆಲ್ಲ ಇಲ್ಲಿ ಇರಬೇಕಿತ್ತು ಅನ್ನಿಸಿತು. "ಗಾಡಿ ಹೊರಗ ತಗೀರಿ ಅಕ್ಕಾ" ಎಂದು ಒಬ್ಬರಾದರೂ ಅನ್ನುತ್ತಿದ್ದರು.

ಭಾನುವಾರ

ಚರ್ಚಿಗೆ ಯಾರೂ ಹೋಗಲಿಲ್ಲ. ಕಾಕಾ ಮತ್ತೆ ಕಿಟಕಿಯ ಮುಂದೆ ಬಂದು ಕೂತರು. ಬರ್ಚ್ ಮರದ ಹಳದಿ ಎಲೆ ಒಂದೊಂದಾಗಿ ಲೇಪದ ಮೇಲೆ ಬೀಳುತ್ತಿದ್ದವು. ಮೊದಲು ಬಿದ್ದವು ಅಂಟಿಕೊಂಡವು. ಮಧ್ಯಾಹ್ನದ ಮೇಲೆ ಬಿದ್ದವು ಗಾಳಿಗೆ ಜಾರಿ ಹೋದವು.

"ಒಣಗ್ಲಕತ್ತದ," ಅಂದರು ಕಾಕಾ, ಯಾರಿಗೂ ಅಲ್ಲದಂತೆ.

ಸಂಜೆ ಆರ್ವೋ ಹುಲ್ಲಿನ ಮೇಲಿನಿಂದ ಬಂದು ಬಾಗಿಲು ತಟ್ಟಿದ. ಗುದ್ದುಗೋಲನ್ನು ಮರಳಿ ಒಯ್ಯಲು ಬಂದಿದ್ದ. ನಾನು ಚಹಾ ಕೊಟ್ಟೆ. ಸಾಮಾನ್ಯವಾಗಿ ಅಂಥ ಮಾತು ಕೇಳುವವಳಲ್ಲ ನಾನು. ಅಂದು ಕೇಳಿಬಿಟ್ಟೆ.

"ಮೌಶಿ ಕಾರನ್ನು ಒಳಗೆ ತಂದದ್ದು ನೀವು ನೋಡಿದಿರಲ್ಲವೇ?"

"ನೋಡಿದೆ."

"ಎರಡು ದಿನ ಹೊರಗೆ ತೆಗೆಯಲಾಗುವುದಿಲ್ಲ ಎಂದು ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ಇಲ್ಲಿ ಎಲ್ಲರೂ ಕಾರನ್ನು ರಸ್ತೆಯಲ್ಲಿ ನಿಲ್ಲಿಸಿ, ಗ್ಯಾರೇಜಿನಿಂದ ರಸ್ತೆಯ ಕಡೆಗೆ ಹಚ್ಚುತ್ತಾರೆ. ನೀವು ತಿರುವುಮುರುವು ಮಾಡುತ್ತಿದ್ದಿರಿ."

"ಮತ್ತೆ ಹೇಳಲಿಲ್ಲವೇಕೆ?"

ಆರ್ವೋ ನಿಜವಾಗಿಯೂ ಸಂಕೋಚಪಟ್ಟ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನಿಮ್ಮ ದೇಶದಲ್ಲಿ ಹೀಗೆ ಮಾಡುತ್ತಾರೇನೋ ಅಂದುಕೊಂಡೆ. ನೀವಿಬ್ಬರೂ ಬಹಳ ತಿಳಿದವರಂತೆ ಮಾಡುತ್ತಿದ್ದಿರಿ. ಕ್ಷಮಿಸಿ."

ಹಿಂದೆ ಕುರ್ಚಿಯಿಂದ ಒಂದು ಸದ್ದು ಬಂತು. ಕಾಕಾ ನಗುತ್ತಿದ್ದರು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಿಂದ.

"ಸರೋಜಾ, ಇಲ್ಲಿ ಬಾ. ಇಂವ ಏನಂತಾನ ಕೇಳು. ನಮ್ಮ ದೇಶದ ಪದ್ಧತಿ ಅಂತ ಸುಮ್ಮ ಕೂತಿದ್ನಂತ."

ಮೌಶಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. ತಾನು ಬೇಕೆಂದು ಮಾಡಿದ್ದಲ್ಲ ಎಂಬುದಕ್ಕೆ ಸಾಕ್ಷಿ ಸಿಕ್ಕಿತ್ತು. "ನಮ್ಮ ದೇಶದ ಪದ್ಧತಿ ಹೌದಲ್ಲ ಮತ್ತ," ಅಂದರು. ಆಮೇಲೆ ಅವರಿಗೂ ನಗು ತಡೆಯಲಾಗಲಿಲ್ಲ. ಆರ್ವೋ ನಮ್ಮ ಮೂವರನ್ನು ನೋಡಿ, ತಾನೂ ಸ್ವಲ್ಪ ನಕ್ಕು, ಮತ್ತೆ ಕ್ಷಮೆ ಕೇಳಿದ.

ಹೋಗುವಾಗ ಅವನು, ನನ್ನ ಕಾರು ರಸ್ತೆಯಲ್ಲೇ ಇದೆ, ಬೇಕಿದ್ದರೆ ಬೆಳಿಗ್ಗೆ ಆಸ್ಪತ್ರೆಗೆ ಬಿಡುತ್ತೇನೆ ಎಂದ. ಆಸ್ಪತ್ರೆಗೆ ಹೊರಡುವ ಹೊತ್ತನ್ನು ಮೌಶಿ ಅವನಿಗೆ ಹೇಳಿದರು. ಕಾಕಾ ಕಿಟಕಿಯಾಚೆಯ ಹುಲ್ಲನ್ನು ನೋಡುತ್ತಿದ್ದರು. ಮನೆಯ ಮೆಟ್ಟಿಲಿನಿಂದ ರಸ್ತೆಯವರೆಗೆ ಲೇಪದ ಅಂಚಿಗೇ ಹೊಂದಿಕೊಂಡು ಹುಲ್ಲು ಇತ್ತು. ಏರು ತಗ್ಗಿನದು.

ಸೋಮವಾರ

ಬೆಳಿಗ್ಗೆ ನಾನು ಎದ್ದು ಬಂದಾಗ ಕಾಕಾ ಬೂಟು ಹಾಕಿಕೊಂಡು ಕೂತಿದ್ದರು. ಮೌಶಿ ಏನೂ ಕೇಳದೆ ಅವರ ಮುಂದೆ ಉಪ್ಪಿಟ್ಟು ಇಟ್ಟರು. ತಿಂದಾದ ಮೇಲೆ ಕಾಕಾ ಮುಂಬಾಗಿಲಿಗೆ ಬಂದರು. ಮೌಶಿ ರಟ್ಟೆ ಹಿಡಿಯಲು ಹೋದರು.

"ಹಿಡೀಬ್ಯಾಡ. ನೀ ಹಿಂದ ಬಾ. ಬೇಟಾ, ನೀ ಮುಂದ ನಡಿ. ನೀ ಎಲ್ಲಿ ಕಾಲಿಡ್ತಿ ಅಲ್ಲೇ ನಾ ಇಡ್ತೇನಿ."

ನಾನು ಹುಲ್ಲಿಗೆ ಇಳಿದೆ. ಇಬ್ಬನಿಗೆ ಒದ್ದೆಯಾಗಿತ್ತು. ಪ್ರತಿ ಸಲವೂ ಪಾದ ಒತ್ತಿ, ನೆಲ ಗಟ್ಟಿ ಇದೆಯೇ ನೋಡಿ, ಆಮೇಲೆ ಭಾರ ಬಿಟ್ಟೆ. ಹಾಗೆ ನಡೆಯುವುದು ನನಗೂ ಹೊಸದು. ತಿರುಗಿ ನೋಡಬೇಕೆನ್ನಿಸುತ್ತಿತ್ತು, ನೋಡಲಿಲ್ಲ. ಹಿಂದೆ ಕೋಲು ಮಣ್ಣಿಗೆ ಇಳಿಯುವ ಸದ್ದು, ಕಾಕಾನ ಉಸಿರು, ಅದರ ಹಿಂದೆ ಮೌಶಿಯ ಉಸಿರು. ಆರ್ವೋ ರಸ್ತೆಯಲ್ಲಿ ಕಾರಿನ ಬಾಗಿಲು ತೆರೆದು ನಿಂತಿದ್ದ. ಹತ್ತಿರ ಬರಲಿಲ್ಲ, ಏನೂ ಹೇಳಲಿಲ್ಲ. ಅವನ ಆ ಗುಣ ಅಂದು ಉಪಕಾರವಾಗಿ ಕಂಡಿತು.

ನಡುವೆ ಕೋಲಿನ ಸದ್ದು ನಿಂತಿತು. ಆಗ ತಿರುಗಿದೆ. ಕಾಕಾ ಲೇಪದ ಅಂಚಿಗೆ ನಿಂತು, ಗುಂಡಿ ಇದ್ದ ಜಾಗದ ಕಡೆ ಕೋಲು ಚಾಚಿ ಒತ್ತುತ್ತಿದ್ದರು. ಒಮ್ಮೆ ಮೆಲ್ಲಗೆ, ಇನ್ನೊಮ್ಮೆ ಜೋರಾಗಿ. ಕೋಲಿನ ತುದಿಯ ರಬ್ಬರಿಗೆ ಕಪ್ಪು ಹತ್ತಿತು.

"ಗಟ್ಟಿ ಅದ," ಅಂದರು. ಆಮೇಲೆ ಮೌಶಿಯ ಕಡೆ ತಿರುಗಿ, "ಎಡಗಡಿ ಅಂಚಿಗಿ ಒಂದ್ ಕಡಿ ಬಿಟ್ಟೀರಿ ನೋಡು."

"ನಡೀರಿ ಸುಮ್ಮ," ಅಂದರು ಮೌಶಿ. ಕಣ್ಣು ಒರೆಸಿಕೊಳ್ಳಲು ಅವರಿಗೆ ಕೈ ಸಿಗಲಿಲ್ಲ. ಎರಡೂ ಕೈ ಕಾಕಾನ ಬೆನ್ನಿನ ಹಿಂದೆ, ಮುಟ್ಟದೆ, ಚಾಚಿಕೊಂಡೇ ಇದ್ದವು.

ಡಾಕ್ಟರು ಕಾಕಾನನ್ನು ಆಸ್ಪತ್ರೆಯ ತೋಟದಲ್ಲಿ ನಡೆಸಿ ನೋಡಿದರು. ಬೂಟಿಗೆ ಹತ್ತಿದ್ದ ಹುಲ್ಲು ನೋಡಿ, ಇದು ಎಲ್ಲಿಯದು ಎಂದು ಕೇಳಿದರಂತೆ. ನಮ್ಮ ಅಂಗಳದ್ದು ಎಂದು ಕಾಕಾ ಹೇಳಿದರಂತೆ. ದಿನವೂ ಹೀಗೆ ನಡೆದರೆ ಊರಿಗೆ ಹೋಗಿಬನ್ನಿ ಎಂದು ಡಾಕ್ಟರು ಅಂದರು. ಮಧ್ಯಾಹ್ನ ಮನೆಗೆ ಬಂದಾಗ ಲೇಪ ಒಣಗಿತ್ತು. ಕಾಕಾ ಆರ್ವೋನ ಕಾರಿನಿಂದ ರಸ್ತೆಯಲ್ಲಿಯೇ ಇಳಿದು, ನಾವು ಹಚ್ಚುತ್ತ ಬಂದ ದಿಕ್ಕಿನಲ್ಲೇ ಡಾಂಬರಿನ ಮೇಲೆ ನಡೆದು ಹೊಸ್ತಿಲಿಗೆ ಬಂದರು. ಅಲ್ಲಿಂದ ಮುಂದೆ ನಾನು ಇದ್ದಷ್ಟು ದಿನವೂ ಪೇಪರ್ ತರುವ ಕೆಲಸ ಅವರದೇ ಆಯಿತು.

ಭಾತಂಬ್ರಾ

ಡಿಸೆಂಬರಿನಲ್ಲಿ, ಕ್ರಿಸ್ಮಸ್‌ನ ಹಿಂದಿನ ದಿನ, ನಾನೂ ಅಮ್ಮನೂ ಬೀದರ್‌ನಿಂದ ಭಾತಂಬ್ರಾಕ್ಕೆ ಹೋದೆವು. ಮೌಶಿ ಕಾಕಾ ಹಿಂದಿನ ದಿನವೇ ಬಂದಿದ್ದರು. ನಾವು ಹೋದಾಗ ಕಾಕಾ ಮನೆಯ ಹೊರಗೆ, ಬೇವಿನ ಮರದ ಬುಡದ ಕಲ್ಲಿನ ಮೇಲೆ ಕೂತಿದ್ದರು. ತಲೆಗೆ ಉಣ್ಣೆಯ ಟೋಪಿ. ಕೋಲಿನ ತುದಿ ಇನ್ನೂ ಕಪ್ಪಗೇ ಇತ್ತು. ಅವರು ತಂದಿದ್ದ ಬಾಡಿಗೆ ಕಾರು ರಸ್ತೆಯ ಬದಿಗೆ ನಿಂತಿತ್ತು.

ಅಂಗಳ ಹಸಿಯಾಗಿ ಹಸಿರಾಗಿತ್ತು. ಕಾಕಾನ ಅತ್ತಿಗೆಯೂ ಮೌಶಿಯೂ ಆಗಷ್ಟೇ ಸಾರಿಸಿ ಮುಗಿಸಿ, ಹೊಸ್ತಿಲಾಚೆ ಒಳಗೆ ನಿಂತಿದ್ದರು. ಮೊಣಕೈವರೆಗೆ ಹೆಂಡಿ.

"ಈಗ ಒಳಗ ಬರಬ್ಯಾಡ್ರಿ," ಎಂದು ಅತ್ತಿಗೆ ಅಲ್ಲಿಂದಲೇ ಅಂದರು. "ಹಸಿ ಅದ. ಮೈದುನಪ್ಪಗೂ ಹೊರಗೇ ಕೂಡ್ರಿಸೀವಿ. ಚಹಾ ಗ್ವಾಡಿ ಮ್ಯಾಲಿಂದ ಕೊಡ್ತೇನಿ."

"ನನಗೇನ್ ಅವಸರ ಇಲ್ಲ ವೈನಿ," ಅಂದರು ಕಾಕಾ. "ಹೊರಗ ಛಲೋ ಬಿಸಿಲದ." ಆಮೇಲೆ ದನಿ ಸ್ವಲ್ಪ ಏರಿಸಿ, "ಸರೋಜಾ, ಕಾರು ಹೊರಗ ಅದ ನೋಡು ಈ ಸಲ."

"ನೋಡೀನಿ ನೋಡೀನಿ," ಅಂದರು ಮೌಶಿ ಒಳಗಿನಿಂದ.

ಕಾಕಾ ಕೋಲೂರಿ ಎದ್ದರು. ಬಸ್ ನಿಲ್ದಾಣದ ಹತ್ತಿರ ಚಹಾ ಇನ್ನೂ ಚೆನ್ನಾಗಿರುತ್ತದೆ, ಒಣಗುವ ತನಕ ಹೋಗಿಬರುತ್ತೇನೆ ಎಂದರು. ಜೊತೆಗೆ ಬರಲೇ ಎಂದು ಕೇಳಿದೆ. ಬೇಡ ಎಂದು ಕೈ ಆಡಿಸಿ, ಕಲ್ಲು ಎದ್ದ ದಾರಿಯಲ್ಲಿ ಒಬ್ಬರೇ ಹೊರಟರು.